ಬಾಯ್ತುಂಬ ಮರಿ, ಹದಿನಾಲ್ಕು ದಿನ ಉಪವಾಸ

ಕಲಬುರಗಿಯಲ್ಲಿ ಮೀನು ಸಾಕುತ್ತೇನೆ ಅಂದರೆ ಜನ ಮೊದಲು ಕೇಳುವುದು ಒಂದೇ ಮಾತು: "ಈ ಬಿಸಲಾಗ ಕುದ್ದು ಹೋಗಂಗಿಲ್ಲೇನ್ರಿ?" ತಮಾಷೆಗೆ ಕೇಳುತ್ತಾರೆ. ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ನಾನು ಸಾಕಲು ಹೊರಟಿದ್ದು ಬೋರ್ನಿಯೊ ಕಾಡಿನ ನೆರಳಲ್ಲಿ, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಸಣ್ಣ ಹಳ್ಳಗಳಲ್ಲಿ ಬದುಕುವ ಬೆಟ್ಟಾ ಅನ್ನುವ ಮೀನು. ಅದಕ್ಕೆ 23ರಿಂದ 26 ಡಿಗ್ರಿಯ ನೀರು ಬೇಕು. ಅದೂ ಮೆದು ನೀರು. ನಮ್ಮ ಬೋರ್ ನೀರಲ್ಲಿ ತೊಗರಿಬೇಳೆಯೇ ಸರಿಯಾಗಿ ಬೇಯುವುದಿಲ್ಲ. ತೊಗರಿ ಕಣಜ ಅಂತ ಹೆಸರು ಬೇರೆ.

ಬೆಟ್ಟಾ ಅಂದರೆ ಎಲ್ಲರಿಗೂ ಗೊತ್ತಿರುವುದು ಫೈಟರ್ ಮೀನು. ಅಂಗಡಿಯಲ್ಲಿ ಗಾಜಿನ ಲೋಟದಲ್ಲಿ ಒಂಟಿಯಾಗಿ ಇಟ್ಟಿರುತ್ತಾರಲ್ಲ, ಸೆರಗಿನಂಥ ಉದ್ದ ರೆಕ್ಕೆಯದು, ಅದೇ. ನಾನೂ ಅದರಿಂದಲೇ ಶುರು ಮಾಡಿದ್ದು. ಆದರೆ ಅದು ಆ ಕುಲದ ಒಂದು ಜಾತಿ ಮಾತ್ರ. ಬೆಟ್ಟಾದಲ್ಲಿ 70ಕ್ಕೂ ಹೆಚ್ಚು ಜಾತಿಗಳಿವೆ. ಫೈಟರ್ ಮೀನಿನ ಗಂಡು ನೀರಿನ ಮೇಲೆ ಗುಳ್ಳೆ ಗೂಡು ಕಟ್ಟಿ, ಹೆಣ್ಣು ಹಾಕಿದ ಮೊಟ್ಟೆಗಳನ್ನು ಅದರಲ್ಲಿ ಸೇರಿಸಿ ಕಾಯುತ್ತದೆ. ಇನ್ನೂ ಬಹಳಷ್ಟು ಜಾತಿಗಳಲ್ಲಿ ಗೂಡೇ ಇಲ್ಲ. ಗಂಡಿನ ಬಾಯಿಯೇ ಗೂಡು. ಹರಿಯುವ ನೀರಲ್ಲಿ ಗುಳ್ಳೆ ಗೂಡು ನಿಲ್ಲುವುದಿಲ್ಲ, ಅದಕ್ಕೇ ಈ ದಾರಿ ಹಿಡಿದಿರಬೇಕು ಅಂತ ತಿಳಿದವರು ಹೇಳುತ್ತಾರೆ. ಅಪ್ಪ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು, ಊಟ ಬಿಟ್ಟು, ಎರಡು ವಾರ ಮೂಲೆಯಲ್ಲಿ ನಿಲ್ಲುತ್ತಾನೆ. ಇದನ್ನು ಓದಿದ ದಿನದಿಂದ ನನಗೆ ಬೇರೆ ಮೀನು ಬೇಡವಾಯಿತು.

ನಾನು ಹಿಡಿದದ್ದು ಬೆಟ್ಟಾ ಅಲ್ಬಿಮಾರ್ಜಿನಾಟಾ. ಸಾಕುವವರು ಸುಮ್ನೆ 'ಅಲ್ಬಿ' ಅನ್ನುತ್ತಾರೆ. ಹೆಸರಿನ ಅರ್ಥ ಬಿಳಿ ಅಂಚು. 1994ರಲ್ಲಿ ಕೊಟ್ಟೆಲಾ ಮತ್ತು ಪೀಟರ್ ಎನ್‌ಜಿ ಎಂಬ ಇಬ್ಬರು ಮೀನು ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಇಂಡೊನೇಷ್ಯಾಕ್ಕೆ ಸೇರಿದ ಬೋರ್ನಿಯೊ ಭಾಗದ ಮೀನು. ಉದ್ದ ಅಬ್ಬಬ್ಬಾ ಅಂದರೆ ಎರಡು ಇಂಚು. ಗಂಡು ಇಟ್ಟಿಗೆ ಕೆಂಪು. ರೆಕ್ಕೆಗೆ ದಪ್ಪ ಕಪ್ಪು ಪಟ್ಟಿ, ಅದರ ತುದಿಗೆ ಬಿಳಿ ಗೆರೆ. ಇಳಕಲ್ ಸೀರೆಗೆ ಅಂಚು ನೇಯ್ದ ಹಾಗೆ. ಹೆಣ್ಣು ಮಣ್ಣು ಬಣ್ಣ. ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಮನೆ ನಡೆಸುವುದು ಅವಳೇ, ಮುಂದೆ ಹೇಳುತ್ತೇನೆ.

ನನ್ನದು ಮೆಡಿಕಲ್ ಅಂಗಡಿ. ಅಳತೆ, ತೂಕ, ಹನಿ ಲೆಕ್ಕ ಇವು ರೂಢಿ. ಹಾಗಾಗಿ ನೀರು ತಯಾರು ಮಾಡುವುದು ನನಗೆ ಸಲೀಸು ಅಂದುಕೊಂಡಿದ್ದೆ. ಅಲ್ಲೇ ಮೊದಲು ಎಡವಿದ್ದು.

ಮನೆಯ ಬೋರ್ ನೀರಿಗೆ ಟಿಡಿಎಸ್ ಮೀಟರ್, ಅಂದರೆ ನೀರಲ್ಲಿ ಕರಗಿದ ಉಪ್ಪು, ಸುಣ್ಣ ಅಳೆಯುವ ಮೀಟರ್, ಅದ್ದಿದರೆ 870 ತೋರಿಸಿತು. ಪಿಎಚ್ 8. ಪಿಎಚ್ ಅಂದರೆ ಹುಳಿಯ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ. ಬಾದಾಮಿ ಎಲೆ ಹಾಕಿದರೆ ನೀರು ಹುಳಿಯಾಗುತ್ತದೆ, ಮೀನಿಗೆ ಒಳ್ಳೆಯದು ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮ ಓಣಿಯ ಶಾಲೆಯ ಅಂಗಳದಲ್ಲೇ ದೊಡ್ಡ ಬಾದಾಮಿ ಗಿಡ ಇದೆ. ಉದುರಿದ ಕೆಂಪು ಎಲೆ ಒಂದು ಚೀಲ ತಂದು, ತೊಳೆದು, ಒಣಗಿಸಿ ಬೋರ್ ನೀರಿಗೆ ಹಾಕಿದೆ. ನಾಲ್ಕೇ ದಿನಕ್ಕೆ ನೀರು ಚಹಾದಂತಾಯಿತು. ಬಹಳ ಖುಷಿಯಾಯಿತು. ಪಿಎಚ್ ನೋಡಿದರೆ ಮತ್ತೆ 8. ಇನ್ನೊಂದು ಹಿಡಿ ಎಲೆ ಹಾಕಿದೆ. ಕಷಾಯವಾಯಿತು. ಪಿಎಚ್ ಮಾತ್ರ ಕದಲಲಿಲ್ಲ.

ಯಾಕೆ ಅಂತ ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಹೊಟ್ಟೆ ಉರಿ ಅಂತ ಬಂದವರಿಗೆ ನಾನು ದಿನಾ ಏನು ಕೊಡುತ್ತೇನೆ? ಸೋಡಾ ಇರುವ ಪುಡಿ. ಹೊಟ್ಟೆಯ ಆಸಿಡ್ಡನ್ನು ಅದು ನುಂಗಿ ಹಾಕುತ್ತದೆ. ನಮ್ಮ ನೀರಿನಲ್ಲಿ ಆ ಪುಡಿ ಹುಟ್ಟಾ ಕರಗಿಕೊಂಡೇ ಬಂದಿದೆ, ಅಷ್ಟೆ. ಅಲ್ಲಿ ಕರಗಿರುವ ಕಾರ್ಬೋನೇಟ್ ಖಾಲಿಯಾಗುವ ತನಕ ಎಲೆಯ ಹುಳಿ ಏನೂ ಮಾಡಲಾರದು. ಬಣ್ಣ ಬರುತ್ತದೆ, ಗುಣ ಬರುವುದಿಲ್ಲ. ಮೊದಲು ನೀರು ಮೆದುವಾಗಬೇಕು, ಆಮೇಲೆ ಎಲೆ.

ಸರಿ, ಮನೆಯ ಆರ್‌ಒ ಫಿಲ್ಟರ್ ನೀರಿಗೆ ಕೈ ಹಾಕಿದೆ. ಅದರ ಟಿಡಿಎಸ್ 35. ಅಲ್ಲಿಂದ ಅಮ್ಮನ ಜೊತೆ ಜಗಳ ಶುರು. ಒಂದು ಕೊಡ ಒಳ್ಳೆ ನೀರು ಬರಲು ಎರಡು ಮೂರು ಕೊಡ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವ ಊರು ನಮ್ಮದು. "ಮನುಷ್ಯಾರಿಗಿ ಇಲ್ಲದ ನೀರು ಮೀನಿಗಿ ಬೇಕೇನೋ?" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಫಿಲ್ಟರ್‌ನಿಂದ ಹೊರಗೆ ಹೋಗುವ ನೀರಿಗೆ ಒಂದು ಪೈಪ್ ಜೋಡಿಸಿ, ಪಾತ್ರೆ ತೊಳೆಯುವ ಬ್ಯಾರಲ್‌ಗೆ ಬಿಟ್ಟೆ. ಜಗಳ ಅರ್ಧ ಕಡಿಮೆಯಾಯಿತು. ಪೂರ್ತಿ ಯಾವತ್ತೂ ನಿಲ್ಲಲಿಲ್ಲ.

45 ಲೀಟರಿನ ತೊಟ್ಟಿ. ಒಂದು ಸ್ಪಂಜ್ ಫಿಲ್ಟರ್. ತಳಕ್ಕೆ ಎಲೆ. ಮೀನು ಅಡಗಲು ಗುಹೆ ಬೇಕಲ್ಲ, ಹಿತ್ತಲಲ್ಲಿ ಬಿದ್ದಿದ್ದ ಶಹಾಬಾದ್ ಫರ್ಸಿಯ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಚಂದದ ಮಂಟಪ ಕಟ್ಟಿದೆ. ಮೀನು ತರುವ ಮೊದಲು ಐದು ವಾರ ತೊಟ್ಟಿಯನ್ನು ಹಾಗೇ ಓಡಿಸಿದೆ. ಮೀನಿನ ಹೊಲಸಿನಿಂದ ಬರುವ ವಿಷದ ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಮನೆ ಮಾಡಲು ಅಷ್ಟು ಸಮಯ ಬೇಕು. ಎರಡು ವಾರ ಬಿಟ್ಟು ಮೀಟರ್ ಅದ್ದಿದೆ. 35 ಇದ್ದದ್ದು 210 ಆಗಿತ್ತು. ಮೀಟರ್ ಕೆಟ್ಟಿದೆ ಅಂತ ಬ್ಯಾಟರಿ ಬದಲಿಸಿದೆ. ಅದೇ 210.

ನಗಬೇಡಿ. ಹುಟ್ಟಿದಾಗಿನಿಂದ ಶಹಾಬಾದ್ ಕಲ್ಲಿನ ಮೇಲೇ ನಡೆದವನು ನಾನು. ನಮ್ಮ ಮನೆಯ ನೆಲ, ಕಟ್ಟೆ, ಬಚ್ಚಲು ಎಲ್ಲಾ ಅದೇ. ಅದು ಸುಣ್ಣದ ಕಲ್ಲು ಅಂತಲೂ ಗೊತ್ತು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಆ ಕಲ್ಲಿಗಾಗಿ. ಆದರೂ ತಲೆಗೆ ಹೋಗಲಿಲ್ಲ. ಸಂಡಾಸು ತೊಳೆಯುವ ಆಸಿಡ್ಡಿನ ಎರಡು ಹನಿ ಒಂದು ಚೂರಿನ ಮೇಲೆ ಬಿಟ್ಟೆ. ಬುಸ್ ಅಂತ ನೊರೆ ಎದ್ದಿತು. ಎಲೆಯ ಹುಳಿ ಕಲ್ಲನ್ನು ಕರಗಿಸುತ್ತಿತ್ತು, ಕಲ್ಲು ಹುಳಿಯನ್ನು ಕೊಲ್ಲುತ್ತಿತ್ತು. ಮಂಟಪ ಕಿತ್ತು ಹಾಕಿ, ತೆಂಗಿನ ಚಿಪ್ಪು ಮತ್ತು ಒಡೆದ ಮಡಕೆಯ ಕುತ್ತಿಗೆ ಇಟ್ಟೆ. ಮುಂದೆ ನನ್ನ ಗಂಡು ಮೀನಿಗೆ ಆ ಮಡಕೆ ಕುತ್ತಿಗೆಯೇ ಬಾಣಂತಿ ಕೋಣೆಯಾಯಿತು.

2022ರ ನವೆಂಬರಿನಲ್ಲಿ ಚೆನ್ನೈಗೆ ಹೋದೆ. ಅಲ್ಲಿನ ಕೊಳತ್ತೂರು ಅಲಂಕಾರ ಮೀನಿನ ವ್ಯಾಪಾರಕ್ಕೆ ಹೆಸರಾದ ಜಾಗ. ಕೊರಿಯರ್‌ನಲ್ಲಿ ತರಿಸಬಹುದಿತ್ತು. ನಮ್ಮೂರಿಗೆ ಬರುವಷ್ಟರಲ್ಲಿ ಎಷ್ಟು ದಿನ ಹಿಡಿಯುತ್ತದೋ ಅನ್ನುವ ಭಯ. ಮುಂಬೈ–ಚೆನ್ನೈ ರೈಲು ನಮ್ಮೂರಿನ ಮೇಲೇ ಹೋಗುತ್ತದಲ್ಲ, ರಾತ್ರಿ ಹತ್ತಿದರೆ ಆಯಿತು. ಆರು ಮರಿ ತಗೊಂಡೆ. ಒಂದೊಂದೂ ಒಂದಿಂಚು, ಎಲ್ಲಾ ಕಂದು ಬಣ್ಣ. ಗಂಡು ಯಾವುದು ಹೆಣ್ಣು ಯಾವುದು ಹೇಳಲು ಬರುವಂತಿರಲಿಲ್ಲ. ಮಾರಿದವನು ಮೂರು ಜೋಡಿ ಅಂತ ಧೈರ್ಯವಾಗಿ ಹೇಳಿದ. ಬೆಲೆ ಇಲ್ಲಿ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ. ಥರ್ಮಾಕೋಲ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎದುರಿನ ಸೀಟಿನವರು ಏನದು ಅಂದರು. ಇನ್ಸುಲಿನ್ ಅಂದೆ. ಮೀನು ಅಂದರೆ ಮುಗಿಯದ ಮಾತು ಶುರುವಾಗುತ್ತಿತ್ತು.

ಮನೆಗೆ ಬಂದು ನನ್ನ ಜಾಣತನ ತೋರಿಸಿದೆ. ಸಲೈನ್ ಹಾಕುವ ಡ್ರಿಪ್ ಸೆಟ್ ಅಂಗಡಿಯಲ್ಲೇ ಇತ್ತು. ಮೀನಿನ ಚೀಲ ಬಿಚ್ಚಿ ಬಕೆಟ್ಟಿಗೆ ಸುರಿದು, ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬಿಟ್ಟೆ. ನಿಧಾನ ಆದಷ್ಟೂ ಒಳ್ಳೆಯದು ಅಂತ ಮೂರು ಗಂಟೆ. ಅದೇ ತಪ್ಪು. ಮುಚ್ಚಿದ ಚೀಲದಲ್ಲಿ ಒಂದು ರಾತ್ರಿ ಮೀನು ಉಸಿರು ಬಿಟ್ಟು ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ, ಅದರಿಂದ ನೀರು ಹುಳಿಯಾಗಿರುತ್ತದೆ. ಹುಳಿ ನೀರಿನಲ್ಲಿ ಮೀನಿನ ಹೊಲಸಿನ ಅಮೋನಿಯಾ ಬಹುಪಾಲು ಅಮೋನಿಯಂ ಆಗಿ ಇರುತ್ತದೆ, ಅಷ್ಟು ವಿಷವಲ್ಲ. ಚೀಲ ಬಿಚ್ಚಿದ ಕೂಡಲೇ ಆ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗಿ ಪಿಎಚ್ ಏರುತ್ತದೆ. ಅದೇ ಅಮೋನಿಯಂ ಮತ್ತೆ ವಿಷವಾಗುತ್ತದೆ. ನಾನು ಆ ನೀರಿನಲ್ಲೇ ಅವುಗಳನ್ನು ಮೂರು ಗಂಟೆ ಇಟ್ಟೆ. ಒಂದು ಮರಿ ಎರಡನೇ ದಿನ ಸತ್ತಿತು. ದೂರದಿಂದ ಬಂದ ಮೀನಿಗೆ ಚೀಲವನ್ನು ಹಾಗೇ ತೇಲಿಬಿಟ್ಟು ಬಿಸಿ–ತಂಪು ಸರಿ ಮಾಡಿ, ಬೇಗ ಬೇಗ ಎತ್ತಿ ತೊಟ್ಟಿಗೆ ಬಿಡಬೇಕು. ಔಷಧ ಶಾಸ್ತ್ರ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಊಟದ ಕಥೆ ಇನ್ನೊಂದು. ನಮ್ಮ ಮನೆಯೊಳಗೆ ಕೋಳಿಮೊಟ್ಟೆಯೂ ಬರುವುದಿಲ್ಲ. ಕಾಡು ಬೆಟ್ಟಾ ಕಾಳಿನ ಆಹಾರ ಮೂಸಿ ನೋಡಿ ಉಗುಳುತ್ತವೆ. ಅವಕ್ಕೆ ಅಲುಗಾಡುವ ಹುಳ ಬೇಕು. ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಸುಲಭದ ದಾರಿ. ಆದರೆ ಹಾಲು, ಮೊಸರು ಇರುವ ಫ್ರಿಜ್ಜಿನಲ್ಲಿ ಕೆಂಪು ಹುಳದ ಪೊಟ್ಟಣ ಇಡುತ್ತೇನೆ ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಅಂಗಡಿಯ ಫ್ರಿಜ್ಜು ಔಷಧಿಗೆ ಮಾತ್ರ, ಅಲ್ಲಿ ಇಡುವಂತೆಯೇ ಇಲ್ಲ. ಹಾಗಾಗಿ ಹಿತ್ತಲಲ್ಲಿ ಒಂದು ಬಕೆಟ್ ನೀರು ಇಟ್ಟೆ. ನಾಲ್ಕು ದಿನದಲ್ಲಿ ಸೊಳ್ಳೆ ಮರಿ ಬಂದವು. ಮೀನುಗಳಿಗೆ ಹಬ್ಬ.

ಆ ಹಬ್ಬ ಜಾಸ್ತಿ ದಿನ ನಡೆಯಲಿಲ್ಲ. ಲಾರ್ವಾ ಹುಡುಕಿಕೊಂಡು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಒಂದು ದಿನ ಬಂದು ಬಕೆಟ್ಟಿಗೆ ಟಾರ್ಚ್ ಬಿಟ್ಟರು. ನನ್ನ ಮುಖ ನೋಡಿದರು. "ಮೆಡಿಕಲ್ ಅಂಗಡಿ ನಡಸ್ತೀರಿ, ಮನ್ಯಾಗ ಡೆಂಗಿ ಸಾಕ್ತೀರೇನ್ರಿ?" ಅಂದು ಬಕೆಟ್ ಬೋರಲು ಹಾಕಿ ಹೋದರು. ನಾನು ತುಟಿ ಎರಡು ಮಾಡಲಿಲ್ಲ.

ಆಗ ನೆರವಿಗೆ ಬಂದದ್ದು ಬೀದರಿನ ನನ್ನ ಹಳೆಯ ಗೆಳೆಯ. ಅವನೂ ಮೀನು ಹುಚ್ಚ. ಅವನ ಸಿಮೆಂಟ್ ಟಾಕಿಯ ಹಸಿರು ನೀರಿನಲ್ಲಿ ಡಾಫ್ನಿಯಾ ಅನ್ನುವ ನೀರ ಚಿಗಟ ಬೆಳೆಸುತ್ತಾನೆ. ಒಂದು ಬಾಟಲಿ ಬಸ್ಸಿನಲ್ಲಿ ಕಳಿಸಿದ. ಜೊತೆಗೆ ಮೈಕ್ರೋವರ್ಮ್ ಅನ್ನುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳದ ಹೆಪ್ಪು. ಓಟ್ಸ್ ಗಂಜಿಯಲ್ಲಿ ಬೆಳೆಸು ಅಂದ. ನಮ್ಮ ಮನೆಯಲ್ಲಿ ಓಟ್ಸ್ ಎಲ್ಲಿಂದ ಬರಬೇಕು? ಜೋಳದ ಹಿಟ್ಟಿನ ಅಂಬಲಿ ಗಟ್ಟಿಯಾಗಿ ಕಾಸಿ, ಆರಿಸಿ, ಹೆಪ್ಪು ಹಾಕಿದೆ. ವಾರದಲ್ಲಿ ಡಬ್ಬಿಯ ಗೋಡೆ ತುಂಬ ಹುಳ ಹತ್ತಿದವು. ವಾಸನೆ ಹುಳಿ ಹಿಟ್ಟಿನದು. ಅಮ್ಮ ಒಮ್ಮೆ ದೋಸೆ ಹಿಟ್ಟು ಅಂದುಕೊಂಡು ಮುಚ್ಚಳ ತೆಗೆದಿದ್ದಳು. ಅದನ್ನು ಇಲ್ಲಿಗೇ ಬಿಡೋಣ.

ಡಿಸೆಂಬರ್ ಬೆಳಗಿನ ಚಳಿಗೆ ತೊಟ್ಟಿ 20 ಡಿಗ್ರಿಗೆ ಇಳಿಯಿತು. ಹೀಟರ್ ಇರಲಿಲ್ಲ. ರಾತ್ರಿ ಹಳೆಯ ಕೌದಿ ಹೊದಿಸಿದೆ. ಸಂಕ್ರಾಂತಿ ಹೊತ್ತಿಗೆ ಬಣ್ಣ ಬಂದವು. ಐದರಲ್ಲಿ ಮೂರು ಗಂಡು, ಎರಡು ಹೆಣ್ಣು.

ಜನವರಿ ಕೊನೆಯ ಒಂದು ಭಾನುವಾರ ಅಂಗಡಿಗೆ ರಜೆ. ಬೆಳಿಗ್ಗೆ ಹತ್ತರ ಸುಮಾರಿಗೆ ನೋಡಿದರೆ ದೊಡ್ಡ ಹೆಣ್ಣಿನ ಮೈ ಮೇಲೆ ಕಪ್ಪು ಪಟ್ಟೆ ಎದ್ದಿದ್ದವು. ಅವಳೇ ಗಂಡಿನ ಹತ್ತಿರ ಹೋಗಿ ಮೂತಿಯಿಂದ ತಿವಿಯುತ್ತಿದ್ದಳು. ಹತ್ತಿರ ಬಂದ ಬೇರೆಯವರನ್ನೆಲ್ಲ ಓಡಿಸುವವಳೂ ಅವಳೇ. ಗಂಡು ಸುಮ್ನೆ ರೆಕ್ಕೆ ಹರಡಿ ನಿಂತಿದ್ದ, ಮದುವೆ ಮಂಟಪದಲ್ಲಿ ನಿಲ್ಲಿಸಿದ ವರನ ಹಾಗೆ. ಆಮೇಲೆ ಅವನು ಮೈ ಬಾಗಿಸಿ ಅವಳನ್ನು ತಬ್ಬಿದ. ಮೊದಲ ಹತ್ತಿಪ್ಪತ್ತು ಸಲ ಏನೂ ಆಗಲಿಲ್ಲ, ಬರೀ ತಾಲೀಮು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಿಳಿ ಮೊಟ್ಟೆ ಕಂಡವು. ನಾಲ್ಕೈದು ಮೊಟ್ಟೆ ಗಂಡಿನ ಕೆಳಗಿನ ರೆಕ್ಕೆಯ ಮೇಲೆ ಬಿದ್ದವು. ಅವನು ಮರಗಟ್ಟಿದಂತೆ ನಿಂತಿರುವಾಗ ಅವಳು ಅವುಗಳನ್ನು ಬಾಯಲ್ಲಿ ಆರಿಸಿಕೊಂಡಳು. ಆಮೇಲೆ ಎದುರಿಗೆ ಬಂದು ಒಂದೊಂದೇ ಮೊಟ್ಟೆ ಅವನ ಮುಂದೆ ಉಗುಳಿದಳು. ಅವನು ಗಬಕ್ಕನೆ ಹಿಡಿದ. ತಪ್ಪಿದರೆ ಅವಳು ಮತ್ತೆ ಎತ್ತಿ ಮತ್ತೆ ಉಗುಳುವಳು. ಮಕ್ಕಳು ಚೆಂಡು ಎಸೆದಾಡಿದ ಹಾಗೆ. ಮತ್ತೆ ತಬ್ಬುವುದು, ಮತ್ತೆ ಎಸೆಯುವುದು. ಎರಡೂವರೆ ತನಕ ನಡೆಯಿತು. ನನ್ನ ಊಟ ಆರಿ ಹೋಗಿತ್ತು.

ಸಂಜೆಗೆ ಗಂಡಿನ ಗಂಟಲು ಉಬ್ಬಿತ್ತು. ನಮ್ಮ ಕಡೆ ಬಾಯ್ತುಂಬ ಪಾನ್ ಹಾಕಿಕೊಂಡವರು ಏನು ಕೇಳಿದರೂ ಮಾತಾಡದೆ ಗದ್ದ ಎತ್ತಿ ಹೂಂಗುಟ್ಟುತ್ತಾರಲ್ಲ, ಥೇಟ್ ಹಾಗೇ. ಆಗಾಗ ಬಾಯಿ ಅಗಿದ ಹಾಗೆ ಆಡಿಸಿ ಮೊಟ್ಟೆಗಳನ್ನು ಮಗುಚುತ್ತಿದ್ದ. ಅಮ್ಮನನ್ನು ಕರೆದು ತೋರಿಸಿದೆ. ಇಷ್ಟು ತಿಂಗಳಲ್ಲಿ ಅವಳು ಮೊದಲ ಸಲ ತೊಟ್ಟಿಯ ಮುಂದೆ ಕೂತಳು.

"ಊಟ ಏನು ಮಾಡ್ತದ?"

"ಏನಿಲ್ಲ. ಉಪವಾಸ."

"ಎಷ್ಟ ದಿನ?"

"ಎರಡು ವಾರ."

ಅಮ್ಮ ಶ್ರಾವಣ ಸೋಮವಾರ ತಪ್ಪಿಸದವಳು. ಏನೂ ಅನ್ನಲಿಲ್ಲ. ಆದರೆ ಮರುದಿನದಿಂದ ಆ ಕೋಣೆಯ ಬಾಗಿಲನ್ನು ಧಡ್ ಅಂತ ಹಾಕುವುದು ನಿಲ್ಲಿಸಿದಳು.

ನಾಲ್ಕನೇ ದಿನ ಬೆಳಿಗ್ಗೆ ಗಂಟಲು ಚಪ್ಪಟೆ. ಗಂಡು ಎಲ್ಲರ ಜೊತೆ ಡಾಫ್ನಿಯಾ ತಿನ್ನುತ್ತಿದ್ದ. ನುಂಗಿಬಿಟ್ಟಿದ್ದ.

ಇದು ಎಲ್ಲರಿಗೂ ಆಗುತ್ತದೆ. ಹೊಸ ಗಂಡು ಮೊದಲ ಸಲ ನುಂಗುವುದು ಮಾಮೂಲು. ಮೊಟ್ಟೆ ಫಲಿಸದಿದ್ದರೂ ನುಂಗುತ್ತಾನೆ. ಹೆದರಿದರೂ ನುಂಗುತ್ತಾನೆ. ನಾನು ಮೂರು ದಿನ ಗಂಟೆಗೊಮ್ಮೆ ಮೊಬೈಲ್ ಟಾರ್ಚ್ ಬಿಟ್ಟು ಬಾಯೊಳಗೆ ಇಣುಕಿದ್ದೆ. ಫೋಟೋ ಬೇರೆ. ಗೆಳೆಯನಿಗೆ ಕಳಿಸಬೇಕಿತ್ತಲ್ಲ.

ಫೆಬ್ರವರಿಯಲ್ಲಿ ಎರಡನೇ ಸಲ. ಈ ಸಲ ಬೇರೆ ಮೀನುಗಳ ಕಾಟ ಬೇಡ ಅಂತ ಗಂಡನ್ನು ಬಲೆಯಲ್ಲಿ ಎತ್ತಿ ಬೇರೆ ತೊಟ್ಟಿಗೆ ಬಿಟ್ಟೆ. ಬಲೆಯೊಳಗೇ ಎರಡು ಮೊಟ್ಟೆ ಉಗುಳಿದ. ಉಳಿದದ್ದನ್ನು ರಾತ್ರಿಯೊಳಗೆ ನುಂಗಿದ. ತಪ್ಪು ಪೂರ್ತಿ ನನ್ನದು.

ಮಾರ್ಚ್ ಬಂತು. ಮರಿಯ ಆಸೆ ಬಿಟ್ಟೆ. ಇನ್ನು ಜೀವ ಉಳಿಸುವುದೇ ಕೆಲಸ.

ಹಳೆಯ ಕಲ್ಲು ಗೋಡೆಯ ಮನೆ ನಮ್ಮದು, ಅದೊಂದು ಪುಣ್ಯ. ತೊಟ್ಟಿಯನ್ನು ದೇವರ ಕೋಣೆಯ ಪಕ್ಕದ ಒಳಕೋಣೆಗೆ, ನೆಲಕ್ಕೇ ಇಳಿಸಿದೆ. ಆದರೂ ಏಪ್ರಿಲ್ ನಡುವೆ ನೀರು 31 ಮುಟ್ಟಿತು. ಐಸ್ ಬಾಟಲಿ ಬಿಟ್ಟೆ. ಅರ್ಧ ಗಂಟೆಯಲ್ಲಿ ನಾಲ್ಕು ಡಿಗ್ರಿ ಇಳಿದು, ಎರಡು ಗಂಟೆಯಲ್ಲಿ ಮತ್ತೆ ಏರಿತು. ಬಿಸಿಗಿಂತ ಈ ಏರಿಳಿತವೇ ಮೀನಿಗೆ ಕೆಟ್ಟದ್ದು. ಆಮೇಲೆ ಅಡುಗೆಮನೆಯ ಮಣ್ಣಿನ ಹರವಿ ನೋಡಿ ಬುದ್ಧಿ ಬಂತು. ಹರವಿಯ ನೀರು ತಣ್ಣಗಿರುವುದು ಹೊರಗೆ ಜಿನುಗಿ ಆವಿಯಾಗುವುದರಿಂದ. ಆವಿಯಾಗುವ ನೀರು ತನ್ನ ಜೊತೆ ಕಾವನ್ನೂ ಒಯ್ಯುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣ ಒಣ. ಕರಾವಳಿಯಲ್ಲಿ ನಡೆಯದ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದು ಸಣ್ಣ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸಿದೆ. ತೊಟ್ಟಿಯ ಮೂರು ಬದಿಗೆ ಒದ್ದೆ ಗೋಣಿಚೀಲ. 27ಕ್ಕೆ ಬಂದು ನಿಂತಿತು. ಮೇ ತಿಂಗಳಲ್ಲೂ 28ರ ಮೇಲೆ ಹೋಗಲಿಲ್ಲ. ಕರೆಂಟು ಹೋದರೆ ಇನ್ವರ್ಟರ್ ಮೊದಲು ಮೀನಿನ ಫ್ಯಾನಿಗೆ. ಅಮ್ಮನಿಗೆ ಬೀಸಣಿಕೆ. ಇದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಬರುತ್ತದೆ.

ದಿನಕ್ಕೆ ಎರಡು ಲೀಟರ್ ನೀರು ಆವಿಯಾಗುತ್ತಿತ್ತು. ಅದನ್ನು ಆರ್‌ಒ ನೀರಿನಿಂದಲೇ ತುಂಬಬೇಕು. ಆವಿಯಾಗುವುದು ಬರೀ ನೀರು. ಉಪ್ಪು, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತವೆ. ಬೋರ್ ನೀರು ತುಂಬಿದರೆ ತಿಂಗಳಲ್ಲಿ ತೊಟ್ಟಿಯೇ ಬೋರ್ ಆಗುತ್ತದೆ.

ಫ್ಯಾನಿಗೆ ತೊಟ್ಟಿಯ ಬಾಯಿ ತೆರೆದಿರಬೇಕು. ಬೆಟ್ಟಾಕ್ಕೆ ಮುಚ್ಚಿರಬೇಕು. ಇವು ಜಿಗಿಯುವ ಮೀನು. ಕಿವಿರಿನ ಜೊತೆ ಮೇಲಿನ ಗಾಳಿ ಉಸಿರಾಡುವ ಅಂಗವೂ ಇದೆ, ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುತ್ತವೆ. ಎರಡಕ್ಕೂ ಆಗಲಿ ಅಂತ ಸೊಳ್ಳೆ ಪರದೆಯನ್ನು ಕಟ್ಟಿಗೆ ಚೌಕಟ್ಟಿಗೆ ಬಿಗಿದು ಮುಚ್ಚಳ ಮಾಡಿದೆ. ಫಿಲ್ಟರಿನ ಪೈಪ್ ಹೋಗುವ ಕಡೆ ಒಂದು ಬೆರಳಿನಷ್ಟು ಸಂದು ಬಿಟ್ಟಿದ್ದೆ. ಅಷ್ಟು ಸಾಕು. ಮೇ 9ರ ಬೆಳಿಗ್ಗೆ ಒಂದು ಗಂಡು ಫರ್ಸಿಯ ಮೇಲೆ ಒಣಗಿ ಬಿದ್ದಿತ್ತು. ತೊಟ್ಟಿಯಿಂದ ಆರು ಅಡಿ ದೂರ. ಅಷ್ಟು ದೂರ ಒದ್ದಾಡಿಕೊಂಡು ಹೋಗಿತ್ತು.

ಉಳಿದದ್ದು ಎರಡು ಗಂಡು, ಎರಡು ಹೆಣ್ಣು. ಸಂದಿಗೆ ಸ್ಪಂಜ್ ತುರುಕಿದೆ.

ಜೂನ್ ಮಳೆ ತಡವಾಯಿತು. ಜುಲೈನಲ್ಲಿ ಹಿಡಿಯಿತು. ಮಳೆ ನೀರು ಹಿಡಿಯುವುದೂ ಒಂದು ಕೆಲಸವೇ. ಮೊದಲ ಎರಡು ಮಳೆ ಬಿಡಬೇಕು, ಧೂಳು ತೊಳೆಯಲಿ ಅಂತ. ಮಾಳಿಗೆಯ ಸಿಮೆಂಟಿನ ಮೇಲೆ ಹರಿದ ನೀರೂ ಬೇಡ, ಅದು ಸುಣ್ಣ ಹೀರಿಕೊಂಡು ಬರುತ್ತದೆ. ತೊಗರಿ ರಾಶಿ ಮುಚ್ಚುವ ತಾಡಪತ್ರಿಯನ್ನು ನಾಲ್ಕು ಮೂಲೆಗೆ ಕಟ್ಟಿ, ನಡುವೆ ತೂತು ಮಾಡಿ, ಕೆಳಗೆ ಬಕೆಟ್ ಇಟ್ಟೆ. ಮೀಟರ್ 12 ತೋರಿಸಿತು. ಇಡೀ ವರ್ಷ ಫಿಲ್ಟರ್ ಜೊತೆ ಗುದ್ದಾಡಿದವನಿಗೆ ಆಕಾಶ ಪುಕ್ಕಟೆಯಾಗಿ ಕೊಟ್ಟಿತ್ತು. ಪೂರ್ತಿ ಖಾಲಿ ನೀರೂ ಒಳ್ಳೆಯದಲ್ಲ, ಪಿಎಚ್ ಎತ್ತೆತ್ತಲೋ ಹೋಗುತ್ತದೆ. ಒಂದು ಕೊಡಕ್ಕೆ ಒಂದು ಲೋಟ ಬೋರ್ ನೀರು ಬೆರೆಸಿ, ತೊಟ್ಟಿಗಿಂತ ಸ್ವಲ್ಪ ತಣ್ಣಗಿದ್ದಾಗಲೇ ಕಾಲು ಭಾಗ ಬದಲಿಸಿದೆ. ಮೂರು ದಿನದಲ್ಲಿ ಹೆಣ್ಣಿನ ಮೇಲೆ ಪಟ್ಟೆ ಎದ್ದವು.

ಆಗಸ್ಟ್ 3ಕ್ಕೆ ಗಂಡಿನ ಗಂಟಲು ಮತ್ತೆ ಉಬ್ಬಿತು. ಈ ಸಲ ನಾನು ತೊಟ್ಟಿಯ ಮುಂದೆ ಅದೇ ಹಳೆ ಕೌದಿ ಇಳಿಬಿಟ್ಟೆ. ಯಾರನ್ನೂ ಹಿಡಿಯಲಿಲ್ಲ, ಯಾರನ್ನೂ ಬೇರೆ ಮಾಡಲಿಲ್ಲ. ದಿನಕ್ಕೆ ಒಂದು ಸಲ ಉಳಿದವರಿಗೆ ಊಟ ಹಾಕುವಾಗ ಮಾತ್ರ ಕೌದಿಯ ಅಂಚು ಎತ್ತುತ್ತಿದ್ದೆ. ಗಂಡು ಮಡಕೆ ಕುತ್ತಿಗೆಯೊಳಗೆ ಸೇರಿಕೊಂಡಿದ್ದ. ಡಾಫ್ನಿಯಾ ಮೂತಿಯ ಮುಂದೆಯೇ ಕುಣಿದರೂ ಬಾಯಿ ತೆರೆಯಲಿಲ್ಲ. ನಾಲ್ಕನೇ ದಿನ ದಾಟಿತು. ಏಳು ದಾಟಿತು. ಬಣ್ಣ ಮಾಸಿತು, ಬೆನ್ನು ಇಳಿಯಿತು. ಹತ್ತನೇ ದಿನಕ್ಕೆ ಹೊಟ್ಟೆ ಬೆನ್ನಿಗೆ ಅಂಟಿತ್ತು, ಗಂಟಲು ಮಾತ್ರ ಇನ್ನೂ ದೊಡ್ಡದಾಗಿತ್ತು. ಅಮ್ಮ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಕೇಳುತ್ತಿದ್ದಳು: "ಬಿಟ್ಟನೇನು?" ಇಲ್ಲ ಅಂದರೆ ಲೊಚಗುಟ್ಟಿ ಹೋಗುತ್ತಿದ್ದಳು.

ಆಗಸ್ಟ್ 17, ಹದಿನಾಲ್ಕನೇ ದಿನ. ಬೆಳಿಗ್ಗೆ ಆರಕ್ಕೆ ಕೌದಿ ಎತ್ತಿದೆ. ತೇಲುವ ಗಿಡದ ಬೇರಿನ ನಡುವೆ ಏನೋ ಅಲುಗಿತು. ಅಕ್ಕಿ ಕಾಳಿನಷ್ಟು ಉದ್ದ, ಎರಡು ಕಣ್ಣು, ಪೂರ್ತಿ ಮೀನು. ಗುಳ್ಳೆ ಗೂಡಿನ ಫೈಟರ್ ಮರಿಗಳು ಮೊದಲಿಗೆ ದಾರದ ಎಳೆಯಂತಿರುತ್ತವೆ, ನೆಟ್ಟಗೆ ಈಜಲೂ ಬರುವುದಿಲ್ಲ. ಇವು ಅಪ್ಪನ ಬಾಯಿಂದ ಬರುವಾಗಲೇ ತಯಾರು. ಮಧ್ಯಾಹ್ನದೊಳಗೆ ಏಳು ಎಣಿಸಿದೆ. ಗಂಡಿನ ಗಂಟಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮರುದಿನ ಒಟ್ಟು ಹನ್ನೊಂದು.

ಅಪ್ಪ ತಿಂದಾನೋ ಅನ್ನುವ ಭಯವಿತ್ತು. ತಿನ್ನಲಿಲ್ಲ. ಹೊಟ್ಟೆ ತುಂಬಿದ್ದರೆ ಅಲ್ಬಿಗಳು ಸಾಮಾನ್ಯವಾಗಿ ಮರಿಗಳ ತಂಟೆಗೆ ಹೋಗುವುದಿಲ್ಲ. ಆದರೂ ಊಟ ಕಾಣಲಿ ಅಂತ ಮರಿಗಳನ್ನು ಲೋಟದಲ್ಲಿ ಎತ್ತಿ ಸಣ್ಣ ತೊಟ್ಟಿಗೆ ಬಿಟ್ಟೆ, ಅದೇ ತೊಟ್ಟಿಯ ನೀರು, ಅದೇ ಎಲೆ. ಆರ್ಟೀಮಿಯಾ ಅನ್ನುವುದು ಉಪ್ಪು ನೀರಿನ ಪುಟ್ಟ ಸಿಗಡಿಯಂಥ ಜೀವಿ. ಅದರ ಮೊಟ್ಟೆಯನ್ನು ಲೀಟರಿಗೆ 25 ಗ್ರಾಂ ಉಪ್ಪಿನ ನೀರಲ್ಲಿ ಗಾಳಿ ಬಿಟ್ಟು ಇಟ್ಟರೆ ಒಂದು ದಿನದಲ್ಲಿ ಒಡೆಯುತ್ತದೆ. ಕತ್ತಲಲ್ಲಿ ಬಾಟಲಿಯ ಒಂದು ಮೂಲೆಗೆ ಬೆಳಕು ಹಿಡಿದರೆ ಮರಿಗಳೆಲ್ಲ ಅಲ್ಲಿ ಸೇರುತ್ತವೆ, ಸಿಪ್ಪೆ ಬೇರೆ ಉಳಿಯುತ್ತದೆ. ಸಿರಿಂಜಿನಲ್ಲಿ ಎಳೆದು, ಒಳ್ಳೆ ನೀರಲ್ಲಿ ಉಪ್ಪು ತೊಳೆದು ಕೊಟ್ಟೆ. ಮೀನಿನ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದನ್ನು ನೋಡಿದರೆ ತಿಂದಿವೆ ಅಂತ ಗೊತ್ತಾಗುತ್ತದೆ. ಆರ್ಟೀಮಿಯಾ ಇಲ್ಲದ ದಿನ ಜೋಳದ ಅಂಬಲಿಯ ಹುಳ. ಗಂಡಿಗೂ ಮೊದಲ ದಿನ ಸ್ವಲ್ಪವೇ ಕೊಟ್ಟೆ. ಉಪವಾಸ ಬಿಟ್ಟವರಿಗೆ ಒಮ್ಮೆಲೇ ತಿನ್ನಿಸಬಾರದು ಅಂತ ಅಮ್ಮನ ಆಜ್ಞೆ.

ಮೂರು ಮರಿ ಮೊದಲ ತಿಂಗಳಲ್ಲಿ ಹೋದವು. ಎಂಟು ಉಳಿದವು. ದೀಪಾವಳಿ ಹೊತ್ತಿಗೆ ಎರಡರ ಬಾಲಕ್ಕೆ ಕೆಂಪು ಇಣುಕಿತು.

ಜನವರಿಯಲ್ಲಿ ಎರಡು ಜೋಡಿಯನ್ನು ಬೀದರಿನ ಗೆಳೆಯನಿಗೆ ನಾನೇ ಒಯ್ದು ಕೊಟ್ಟೆ. ಅವನ ಊರು ಕೆಂಪು ಜಂಬಿಟ್ಟಿಗೆ ನೆಲದ ಎತ್ತರದ ಮೇಲಿದೆ. ನಮಗಿಂತ ತಂಪು. ನೌಬಾದಿನಲ್ಲಿ ಬಹಮನಿ ಕಾಲದಲ್ಲಿ ಆ ಕಲ್ಲನ್ನೇ ಕೊರೆದು ಸುರಂಗ ಬಾವಿ ಮಾಡಿ ನೀರು ಹರಿಸಿದ ಊರು. ಅವನ ಮನೆಯ ಬಾವಿಗೆ ನನ್ನ ಮೀಟರ್ ಅದ್ದಿ ನೋಡಿದೆ. 110. ಫಿಲ್ಟರ್ ಬೇಡ, ತಾಡಪತ್ರಿ ಬೇಡ. ಹೊಟ್ಟೆ ಉರಿಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಮಾರ್ಚಿನಲ್ಲಿ ಅವನ ಫೋನು. ಮೊಟ್ಟೆ ಹಿಡಿದಿದ್ದ ಗಂಡು ಮೂರನೇ ದಿನಕ್ಕೆ ನುಂಗಿದನಂತೆ. ಟಾರ್ಚ್ ಬಿಟ್ಟಿದ್ದೆಯಾ ಅಂತ ಕೇಳಿದೆ. ಸುಮ್ಮನಾದ. ಮುಂದಿನ ಸಲ ತೊಟ್ಟಿಯ ಮುಂದೆ ಕೌದಿ ಕಟ್ಟು ಅಂದೆ. ಈಗ ನಮ್ಮ ಮನೆಯಲ್ಲಿ ಕೌದಿ ಎಲ್ಲಿದೆಯೋ, ಎಲ್ಲಾ ಬ್ಲಾಂಕೆಟ್ಟೇ ಅಂದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. "ಅಟ್ಟದ ಮ್ಯಾಗ ಇನ್ನೊಂದು ಅದ. ಬಸ್ಸಿಗಿ ಕೊಟ್ಟು ಕಳಸು" ಅಂದಳು.